ಗಂಗಿಗೆ ಒಂದು ನಿಮಿಷ

ತುಳಸಿದಾಸ ಕಾರವಾರ ನಗರಸಭೆಯ ಅಧ್ಯಕ್ಷನಾದ ದಿನ ಪಟಾಕಿ ಹೊಡೆದವರು ನಾವು, ಮೀನು ಮಾರುವ ಹೆಂಗಸರು. ಯಾರೂ ಹೇಳಿ ಹೊಡೆಸಿದ್ದಲ್ಲ. ಮಾರುಕಟ್ಟೆಯ ಹಂಚಿನ ಮಾಡಿನಡಿ ಕೊಯ್ಯುತ್ತಿದ್ದ ಬಂಗಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಹೊಡೆದೆವು. ಮೀನುಗಾರರ ಮನೆಯಲ್ಲಿ ಹುಟ್ಟಿದವನು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಮೆರವಣಿಗೆ ನಮ್ಮ ಮುಂದೆ ಬಂದಾಗ ಅವನು ತೆರೆದ ಜೀಪಿನಿಂದ ಕೈ ಮುಗಿದ. ನನ್ನ ಕಡೆ ನೋಡಿ ಇನ್ನೊಮ್ಮೆ ಮುಗಿದ. ನಮ್ಮ ತುಳಸಿ ನೋಡಿ ಎಂದು ಪಕ್ಕದವಳಿಗೆ ಹೇಳಿ ನಾನು ಅತ್ತುಬಿಟ್ಟೆ. ಆ ಅಳುವಿಗೆ ಈಗ ನನಗೆ ನಾಚಿಕೆಯಾಗುತ್ತದೆ.

ಅವನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅಂಕೋಲೆಯ ಕೇಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ಅವನ ಅಪ್ಪ ದೋಣಿ ಮಗುಚಿ ಸತ್ತ. ತಾಯಿ ಹಾಸಿಗೆ ಹಿಡಿದಳು. ಆಗ ಅವನಿಗೆ ಎಂಟು ವರ್ಷ, ನನಗೆ ಹನ್ನೆರಡು. ನಾನು ಒಣಮೀನಿನ ಬುಟ್ಟಿ ಹೊತ್ತು ಅಗಸೂರಿನ ತನಕ ನಡೆಯುತ್ತಿದ್ದೆ. ಮೀನು ಕೊಟ್ಟು ಅಕ್ಕಿ ತರುವುದು. ಬಸ್ಸಿನವರು ವಾಸನೆ ಎಂದು ಹತ್ತಿಸುತ್ತಿರಲಿಲ್ಲ. ಬುಟ್ಟಿಯ ಉಪ್ಪು ಬೆವರಿನ ಜೊತೆ ಕಿವಿಯ ಹಿಂದಿನಿಂದ ಇಳಿದು ಕುತ್ತಿಗೆಯ ಚರ್ಮ ಸುಲಿಯುತ್ತಿತ್ತು. ಅವನು ನನ್ನ ಹಿಂದೆ ಬರುತ್ತಿದ್ದ. ಕಾಲು ಸುಟ್ಟರೆ ನನ್ನ ನೆರಳಿನಲ್ಲಿ ನಡೆಯುತ್ತಿದ್ದ. ವಾಪಸು ಬಂದ ಮೇಲೆ ನನ್ನ ಪಾಲಿನ ಗಂಜಿಯಲ್ಲಿ ಅರ್ಧ ಅವನಿಗೆ. ಎರಡು ಮಳೆಗಾಲ ಹಾಗೇ ಕಳೆಯಿತು. ನಮ್ಮ ಮನೆಯಲ್ಲೂ ಗಂಜಿ ಹೆಚ್ಚಿಗೆ ಇರಲಿಲ್ಲ. ಅವ್ವ ಬೈಯುತ್ತಿದ್ದಳು, ಬೈದು ಒಂದು ಸೌಟು ನೀರು ಸೇರಿಸುತ್ತಿದ್ದಳು.

ಆಮೇಲಿನ ಅವನ ಕಥೆ ಪೇಟೆಗೆಲ್ಲ ಗೊತ್ತು. ಸೈಕಲ್ಲಿನ ಹಿಂದೆ ಮೀನು ಕಟ್ಟಿ ಊರೂರು ತಿರುಗಿದ. ಮೀನು ಹಿಡಿಯುವುದಕ್ಕಿಂತ ಕೊಳೆಯದಂತೆ ಇಡುವುದರಲ್ಲಿ ಲಾಭ ಎಂದು ಬೇಗ ತಿಳಿದುಕೊಂಡ. ಕಾರವಾರಕ್ಕೆ ಬಂದು ಐಸ್ ಫ್ಯಾಕ್ಟರಿ ಹಾಕಿದ. ಗೋವೆಗೆ ಲಾರಿ ಓಡಿಸಿದ. ದೇವಬಾಗದಲ್ಲಿ ಪ್ರವಾಸಿಗರಿಗೆ ಲಾಡ್ಜು ಕಟ್ಟಿದ. ಅವನಲ್ಲಿ ಐಸು ಕೊಳ್ಳದೆ ನಾವು ಮೀನು ಮಾರುವ ಹಾಗೇ ಇರಲಿಲ್ಲ. ಆದರೂ ನಮಗೆ ಹೊಟ್ಟೆಕಿಚ್ಚು ಇರಲಿಲ್ಲ. ನಮ್ಮಲ್ಲಿ ಒಬ್ಬನಾದರೂ ದಡ ಮುಟ್ಟಿದನಲ್ಲ ಎನ್ನುತ್ತಿದ್ದೆವು. ಚುನಾವಣೆಗೆ ನಿಂತಾಗ ಮನೆಮನೆ ತಿರುಗಿ ವೋಟು ಕೇಳಿದವರೂ ನಾವೇ.

ಈಗ ನನ್ನ ಹೆಸರಿನ ವಿಷಯ ಹೇಳಬೇಕು. ಎಲ್ಲ ಹಾಳಾದದ್ದು ಅದರಿಂದಲೇ.

ನನಗೆ ಎರಡು ಹೆಸರು. ಗಂಡನ ಮನೆಯ ಕಡೆ, ಈ ಕಾರವಾರದ ಸೀಮೆಯಲ್ಲಿ, ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ಹರಿವಾಣದಲ್ಲಿ ಅಕ್ಕಿ ಹರವಿ, ಗಂಡಿನ ಕೈಗೆ ಉಂಗುರ ಕೊಟ್ಟು, ಹೊಸ ಹೆಸರು ಬರೆಸುತ್ತಾರೆ. ನನ್ನ ಗಂಡ ರಾಮನಾಥನಿಗೆ ಬರೆಯಲು ಬರುತ್ತಿರಲಿಲ್ಲ. ಭಟ್ಟರು ಅವನ ಕೈ ಹಿಡಿದು ಬರೆಸಿದರು. ದುರ್ಗಾ. ಅಲ್ಲಿಯ ತನಕ ಗಂಗಿಯಾಗಿದ್ದವಳು ಆ ಹೊತ್ತಿನಿಂದ ದುರ್ಗಾ ಆದೆ. ಯಾರೂ ನನ್ನನ್ನು ಕೇಳಲಿಲ್ಲ. ಅತ್ತೆ ಮಾರುಕಟ್ಟೆಯಲ್ಲಿ ಕೂರುತ್ತಿದ್ದ ಜಾಗದಲ್ಲಿ ಆಕೆಯ ನಂತರ ನಾನು ಕೂತೆ. ನಲವತ್ತು ವರ್ಷ ಕೂತೆ. ಪೇಟೆಯಲ್ಲಿ ದುರ್ಗಾ, ತವರಿಗೆ ಹೋದರೆ ಗಂಗಿ. ಎರಡು ಸೀರೆ ಇದ್ದ ಹಾಗೆ ಎರಡು ಹೆಸರು. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಆಧಾರ್ ಕಾರ್ಡು ಮಾಡುವ ಕಾಲಕ್ಕೆ ಅವ್ವನಿಗೆ ಕಾಯಿಲೆ. ನಾನು ಕೇಣಿಯಲ್ಲಿದ್ದೆ. ಶಾಲೆಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಕೂತವನು ಹೆಸರೇನು ಎಂದು ಕೇಳಿದ. ಸುತ್ತಲೂ ನನ್ನ ಅಣ್ಣ, ಅತ್ತಿಗೆ, ಸಣ್ಣಂದಿನ ಗೆಳತಿಯರು. ಅವರೆದುರು ಗಂಡ ಇಟ್ಟ ಹೆಸರು ಹೇಳಲು ನನಗೆ ಎಂಥದೋ ನಾಚಿಕೆ. ಆ ವಯಸ್ಸಿನಲ್ಲೂ ನಾಚಿಕೆ. ತವರಿನ ಅಂಗಳದಲ್ಲಿ ಆ ಹೆಸರನ್ನು ಯಾರೂ ಆಡುವುದಿಲ್ಲ. ಗಂಗಿ ಎಂದೆ. ತಂದೆಯ ಹೆಸರು ನಾಗು ಎಂದೆ. ಅವನು ಬರೆದುಕೊಂಡ, ನನ್ನ ಹತ್ತು ಬೆರಳನ್ನೂ ಗಾಜಿನ ಮೇಲೆ ಒತ್ತಿಸಿಕೊಂಡ. ಇಷ್ಟೇ ನಾನು ಮಾಡಿದ ಅಪರಾಧ. ನಮ್ಮ ಮಾರುಕಟ್ಟೆಯಲ್ಲಿ ಇನ್ನೂ ಆರು ಹೆಂಗಸರು ತವರಿಗೆ ಹೋದಾಗ ಇದೇ ಅಪರಾಧ ಮಾಡಿ ಬಂದಿದ್ದರು.

ಅಧ್ಯಕ್ಷನಾದ ಮೇಲೆ ತುಳಸಿದಾಸ ಹಳೆಯ ಮಾರುಕಟ್ಟೆ ಕೆಡವಿಸಿ ಹೊಸದು ಕಟ್ಟಿಸಿದ. ಚೆಂದ ಕಟ್ಟಿಸಿದ, ಸುಳ್ಳು ಹೇಳಬಾರದು. ಬಿಳಿ ಟೈಲ್ಸಿನ ಕಟ್ಟೆಗಳು, ಕಟ್ಟೆಗೊಂದು ನಂಬರು, ನಲ್ಲಿ, ತಲೆಯ ಮೇಲೆ ಫ್ಯಾನು. ಹಳೆಯ ಪಟ್ಟಿಯಲ್ಲಿದ್ದ ಹೆಸರೂ ಆಧಾರಿನ ಹೆಸರೂ ಒಂದೇ ಇದ್ದವರಿಗೆ ಕಟ್ಟೆ ಕೊಡುತ್ತೇವೆ ಎಂದರು. ಪಟ್ಟಿಯಲ್ಲಿ ನಾನು ದುರ್ಗಾ. ಆಧಾರಿನಲ್ಲಿ ಗಂಗಿ. ಗುಮಾಸ್ತ ಎರಡನ್ನೂ ನೋಡಿದ, ನೋಡಿ ದುರ್ಗಾ ಗೈರುಹಾಜರು ಎಂದು ಬರೆದ. ನಾನು ಅವನ ಮೇಜಿನ ಎದುರೇ ನಿಂತಿದ್ದೆ.

ಕಾರ್ಡು ತಿದ್ದಿಸಲು ಹೋದೆ. ಮದುವೆಯ ದಾಖಲೆ ತನ್ನಿ ಎಂದರು. ನಲವತ್ನಾಲ್ಕು ವರ್ಷದ ಹಿಂದೆ ಅಕ್ಕಿಯ ಮೇಲೆ ಬರೆದದ್ದನ್ನು ಎಲ್ಲಿಂದ ತರಲಿ. ಆ ಅಕ್ಕಿಯನ್ನು ಅವತ್ತೇ ಅನ್ನ ಮಾಡಿ ಉಂಡಾಗಿತ್ತು. ವಕೀಲರ ಹತ್ತಿರ ಅಫಿಡವಿಟ್ಟು ಮಾಡಿಸಿ ತಂದೆ. ಗುಮಾಸ್ತ ಓದಿ, ಇವರಿಬ್ಬರೂ ಒಬ್ಬಳೇ ಎಂದು ಅಧ್ಯಕ್ಷರು ಬರೆದು ಸಹಿ ಹಾಕಿದರೆ ಸಾಕು ಎಂದ. ಅದನ್ನು ಕೇಳಿ ನನಗೆ ನಗು ಬಂತು. ಗಂಡ ಸತ್ತ ಮೇಲೆ ಈ ಪೇಟೆಯಲ್ಲಿ, ಮನೆಯವರನ್ನು ಬಿಟ್ಟರೆ, ನನ್ನ ಎರಡೂ ಹೆಸರು ಬಲ್ಲ ಗಂಡಸು ಅವನೊಬ್ಬನೇ. ನನ್ನ ಮದುವೆಯಲ್ಲಿ ಹೊಸ ಅಂಗಿ ಹಾಕಿಕೊಂಡು ಓಡಾಡಿದವನು, ಅಕ್ಕಿಯ ಮೇಲೆ ಬರೆದದ್ದನ್ನು ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ಓದಿದವನು. ಮನೆಗೆ ಹೋಗಿ ಸೊಸೆ ಚಂದನಾಳಿಗೆ ಕೆಲಸ ಆದ ಹಾಗೇ ಎಂದೆ. ಮಗ ರೋಷನನ ಬಲಗೈ ದೋಣಿಯ ಹಗ್ಗಕ್ಕೆ ಸಿಕ್ಕಿ ಬೆರಳು ಹೋದ ಮೇಲೆ ನಮ್ಮ ಮನೆ ನಡೆಯುತ್ತಿದ್ದದ್ದು ನಾನು ಕೂರುವ ಆ ಜಾಗದಿಂದ.

ಮೂರು ದಿನ ಕಾಯಿಸಿ ನಾಲ್ಕನೇ ದಿನ ಒಳಗೆ ಬಿಟ್ಟರು. ಬುಟ್ಟಿಯನ್ನು ಕಚೇರಿಯ ಗೇಟಿನ ಹೊರಗೆ ಇಡಿಸಿದರು. ಖಾಲಿ ಬುಟ್ಟಿ ಅದು. ಕೋಣೆಯಲ್ಲಿ ಎಸಿ ಇತ್ತು, ಇಬ್ಬರು ಗುತ್ತಿಗೆದಾರರು ಕೂತಿದ್ದರು. ನಾನು ಬಾಯಿತಪ್ಪಿ ತುಳಸಿ ಎಂದೆ. ಸಾಹೇಬ್ರು ಅನ್ನಿ ಎಂದು ಜವಾನ ಗದರಿಸಿದ. ತುಳಸಿದಾಸ ನನ್ನನ್ನು ನೋಡಿ, "ಹೇಳಿ ಬಾಯಿ, ಎಂತ ಆಗ್ಬೇಕಿತ್ತು?" ಎಂದ.

ಬಾಯಿ. ಗಂಗಕ್ಕ ಅಲ್ಲ. ದಾರಿಯಲ್ಲಿ ಸಿಕ್ಕ ಯಾವ ಹೆಂಗಸಿಗಾದರೂ ಹೇಳುವ ಮಾತು.

ನಾನು ಕಾಗದ ಚಾಚಿದೆ. ಅವನು ಓದಿದ. ಓದುವಾಗ ಜವಾನ ಮೂಲೆಯಲ್ಲಿದ್ದ ಡಬ್ಬಿ ತಂದು ನನ್ನ ಸುತ್ತ ಗಾಳಿಯಲ್ಲಿ ಪುಸ್ ಪುಸ್ ಎಂದು ಸುವಾಸನೆ ಹೊಡೆದ. ನಾನು ನಿಂತಿರುವಾಗಲೇ ಹೊಡೆದ. ಹನಿ ನನ್ನ ತೋಳಿನ ಮೇಲೆ ಬಿತ್ತು, ತಣ್ಣಗಿತ್ತು. ಗುತ್ತಿಗೆದಾರನೊಬ್ಬ ಮೂಗು ಒರೆಸಿಕೊಂಡು ನಕ್ಕ. ತುಳಸಿದಾಸ ತಲೆ ಎತ್ತಲಿಲ್ಲ. ಮೀನಿನ ನೀರು ಕುಡಿದು ಬೆಳೆದವನು ಅವನು. ಅವತ್ತು ನಾನು ಆ ಡಬ್ಬಿಯನ್ನು ಕಸಿದು ಜವಾನನ ಮುಖಕ್ಕೆ ಎಸೆಯಬೇಕಿತ್ತು. ನಾನು ಸೆರಗು ಸರಿಮಾಡಿಕೊಂಡು ನಿಂತೆ.

"ನಿಮ್ಮ ಕಷ್ಟ ನಂಗೆ ಗೊತ್ತಾಗ್ತದೆ," ಎಂದ. "ಆದ್ರೆ ನಾನೇ ನಮ್ಮೋರಿಗೆ ಸಹಿ ಹಾಕೂಕೆ ಹೋದ್ರೆ ನಾಳೆ ಪೇಪರಿನವ್ರು ಬಿಡೂದಿಲ್ಲ. ಕಾನೂನು ಎಲ್ರಿಗೂ ಒಂದೇ ಅಲ್ವಾ?"

"ನಿಂಗೆ ನಾ ಯಾರು ಅಂತ ಗೊತ್ತಿಲ್ವಾ?" ಎಂದೆ.

"ಗೊತ್ತಿರೂದು ಬೇರೆ, ಬರೆದು ಕೊಡೂದು ಬೇರೆ," ಎಂದು ಕಾಗದವನ್ನು ಮಡಚಿ ವಾಪಸು ಕೊಟ್ಟ. ಮಡಿಕೆಯನ್ನು ಉಗುರಿನಿಂದ ತೀಡಿ ಅಚ್ಚುಕಟ್ಟಾಗಿ ಕೊಟ್ಟ.

ಹದಿನೈದು ದಿನದಲ್ಲಿ ಆ ಕಾನೂನಿನ ಅರ್ಥ ಕಣ್ಣಿಗೆ ಬಿತ್ತು. ನಮ್ಮ ಏಳು ಹೆಂಗಸರ ಏಳು ಕಟ್ಟೆ ಒಂದೇ ಸಾಲಿನಲ್ಲಿ ಖಾಲಿ ಉಳಿದಿದ್ದವು, ಬಾಗಿಲಿಗೆ ಹತ್ತಿರ, ಗಿರಾಕಿ ಮೊದಲು ಕಾಲಿಡುವಲ್ಲಿ. ಅವುಗಳ ನಡುವಿನ ತಡೆ ಒಡೆದು ಗಾಜಿನ ಪೆಟ್ಟಿಗೆ ಕೂರಿಸಿದರು. ಅಧ್ಯಕ್ಷರ ಅಳಿಯನ ಅಂಗಡಿ. ಐಸಿನ ಮೇಲೆ ಪಾಪಲೆಟ್ ಮಲಗಿದ್ದವು, ಕೈಗೆ ಚೀಲ ಹಾಕಿಕೊಂಡ ಹುಡುಗಿಯರು ತೂಗಿ ಕೊಡುತ್ತಿದ್ದರು. ನನ್ನ ಜಾಗ ಎಲ್ಲಿತ್ತೆಂದು ಗುರುತು ಹಿಡಿಯಲೂ ಆಗಲಿಲ್ಲ.

ನಾವು ಏಳೂ ಜನ ಹೊರಗೆ ಗಟಾರದ ಹಲಗೆಯ ಮೇಲೆ ಕೂತೆವು. ಬಿಸಿಲಿಗೆ ಮೀನು ಬೇಗ ಕೆಡುತ್ತಿತ್ತು. ಐಸು ಹೆಚ್ಚು ಬೇಕಾಗುತ್ತಿತ್ತು, ಅದೂ ಅವನದೇ ಐಸು. ನಡುನಡುವೆ ನಮ್ಮನ್ನು ಎಬ್ಬಿಸಲು ನಗರಸಭೆಯ ಗಾಡಿ ಬರುತ್ತಿತ್ತು. ಒಂದು ದಿನ ತಾರಲೆ ಮೀನು ತುಂಬಿದ ನನ್ನ ಬುಟ್ಟಿಗೆ ಕೈ ಹಾಕಿದರು. ನಾನು ಬಿಡಲಿಲ್ಲ. ಆಕಡೆ ಇಬ್ಬರು, ಈಕಡೆ ಅರವತ್ನಾಲ್ಕರ ನಾನು. ಬುಟ್ಟಿಯ ಅಂಚಿನ ತಂತಿ ಅಂಗೈಯನ್ನು ಸೀಳಿತು. ಅವರು ಎಳೆದ ರಭಸಕ್ಕೆ ನಾನು ಮಂಡಿಯೂರಿ ಬಿದ್ದೆ. ಮೀನು ರಸ್ತೆಯ ಮೇಲೆ ಚೆಲ್ಲಿತು. ಅದನ್ನೇ ಸಲಿಕೆಯಲ್ಲಿ ಬಾಚಿ ಕಸದ ಗಾಡಿಗೆ ಹಾಕಿದರು. ಬಾಚಿದವನು ನನ್ನ ಮುಖ ನೋಡದೆ, ನಮ್ಮ ಕೈಲಿ ಏನೂ ಇಲ್ಲ ಅಮ್ಮ ಎಂದು ಗೊಣಗಿದ. ಅವನ ಕೈಲಿ ಏನೂ ಇರಲಿಲ್ಲ ಎಂದು ನನಗೂ ಗೊತ್ತು. ಗಾಯದೊಳಗೆ ಉಪ್ಪು ಹೋಗಿ ಎರಡು ದಿನ ಕೈ ಮಡಚಲಾಗಲಿಲ್ಲ.

ಆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾಗಲೇ ದೇವಾನಂದ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಒಳ್ಳೆಯ ಮನುಷ್ಯ. ಅಧ್ಯಕ್ಷರಿಗೆ ಅರವತ್ತು ತುಂಬುತ್ತದೆ, ಅಭಿನಂದನ ಗ್ರಂಥ ತರುತ್ತಿದ್ದೇವೆ, ಅವರ ಜೀವನ ಬರೆಯುವ ಕೆಲಸ ನನ್ನದು ಎಂದರು. ಕೇಣಿಗೆ ಹೋಗಿ ವಿಚಾರಿಸಿ, ಹುಡುಕಿಕೊಂಡು ಬಂದಿದ್ದರಂತೆ. ನಿಮ್ಮಲ್ಲಿ ಗಂಗಿ ಅಂದರೆ ಯಾರು ಎಂದು ಕೇಳಿದರು. ನಾವು ಏಳೂ ಜನ ನಕ್ಕುಬಿಟ್ಟೆವು. ಅವರಿಗೆ ಯಾಕೆಂದು ತಿಳಿಯಲಿಲ್ಲ.

ಅಧ್ಯಕ್ಷರು ಮಾತು ಮಾತಿಗೆ ನಿಮ್ಮನ್ನು ನೆನೆಯುತ್ತಾರೆ ಎಂದರು. ಗಂಗಕ್ಕನ ಗಂಜಿ ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ ಎಂದು ಬರೆಸಿದ್ದಾರಂತೆ. ಅದಕ್ಕೇ ಒಂದು ಅಧ್ಯಾಯ. ನನ್ನ ಫೋಟೋ ಬೇಕು, ನಾಲ್ಕು ಮಾತು ಬೇಕು, ಸಮಾರಂಭದಲ್ಲಿ ವೇದಿಕೆಗೆ ಬಂದು ಅವರಿಗೆ ಒಂದು ಬಟ್ಟಲು ಗಂಜಿ ಕೊಡಬೇಕು.

ನಾನು ಬ್ಲೌಸಿನೊಳಗಿಂದ ಅಫಿಡವಿಟ್ಟು ತೆಗೆದೆ. ಬೆವರಿಗೆ ಮೆತ್ತಗಾಗಿತ್ತು.

"ಮಾಸ್ತರ್ರೆ, ಗಂಗಿನೂ ನಾನೇ, ದುರ್ಗಾನೂ ನಾನೇ. ಇದ್ರ ಮೇಲೆ ಒಂದು ಸಹಿ ಹಾಕಿಸ್ಕಂಡು ಬನ್ನಿ. ಆಮೇಲೆ ನೀವು ಹೇಳ್ದಷ್ಟು ಹೇಳ್ತೆ. ಗಂಜಿ ಎಂತ, ಪಾಯಸ ಮಾಡ್ಕಂಡು ಬತ್ತೆ."

ಅವರು ಖುಷಿಯಿಂದ ಹೋದರು. ಎರಡು ದಿನ ಬಿಟ್ಟು ಬಂದಾಗ ಮುಖ ಇಳಿದಿತ್ತು. ಅಧ್ಯಕ್ಷರು ಎರಡನ್ನೂ ಬೆರೆಸಬಾರದು ಎಂದರಂತೆ. ಪುಸ್ತಕ ಹೃದಯದ ವಿಷಯ, ಕಟ್ಟೆ ಆಫೀಸಿನ ವಿಷಯ. ಮಾಸ್ತರರು ಕಾಗದವನ್ನು ನನ್ನ ಕೈಯಲ್ಲಿಟ್ಟು, ಅದಿರಲಿ ಬಿಡಿ, ಹಳೆಯ ಪ್ರೀತಿಗಾದರೂ ಬಂದು ಎರಡು ಮಾತಾಡಿ ಎಂದರು.

ಅವನ ಕಥೆ ಸಿಂಗರಿಸಲು ನಾನು ಬೇಕು. ನನ್ನ ಹೊಟ್ಟೆಗೆ ನಾನು ಬೇಡ.

"ಬರೂದಿಲ್ಲ," ಎಂದೆ. "ಗಂಗಿ ಸತ್ಲು ಅಂತ ಬರ್ಕಳಿ."

ಮಾಸ್ತರರು ಕೊಡೆ ಬಿಡಿಸಿಕೊಂಡು ಹೋದರು. ಸಿಟ್ಟಿಗೆ ಆಡಿದ ಮಾತು ಅದು. ಅದನ್ನು ಹಾಗೇ ಬರೆದುಕೊಂಡಾರು ಎಂದು ನಾನು ಎಣಿಸಿರಲಿಲ್ಲ.

ಸಮಾರಂಭ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ರಂಗಮಂದಿರದಲ್ಲಿ. ಬರುವುದಿಲ್ಲ ಎಂದವಳು ಹೋದೆ. ಯಾಕೆ ಎಂದರೆ ಹೇಳಲು ಸಂಕಟವಾಗುತ್ತದೆ. ನನಗೆ ಆಸೆ ಇತ್ತು. ಅವನು ಒಂದು ದಿನವಾದರೂ ಕುರ್ಚಿ ಮರೆತು ತುಳಸಿ ಆದಾನು, ಅಷ್ಟು ಜನರ ಮುಂದೆ ಗಂಜಿಯ ಕಥೆ ಹೇಳುತ್ತಾ ಹೇಳುತ್ತಾ ಕಣ್ಣೆತ್ತಿ ನನ್ನನ್ನು ಕಂಡಾನು, ಗಂಗಕ್ಕ ಎಂದಾನು. ಅಷ್ಟು ಜನ ಕೇಳಿದ ಮೇಲೆ ಸಹಿ ಯಾರಿಗೆ ಬೇಕು. ಚಂದನಾ ಬೇಡ ಎಂದಳು. ಅವಳು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತೆ. ಆದರೂ ಸೋಪು ತಂದುಕೊಟ್ಟಳು. ಮೂರು ಸಲ ಕೈ ತೊಳೆದೆ, ನಿಂಬೆಹಣ್ಣು ಉಜ್ಜಿದೆ, ಕಲ್ಲಿಗೆ ಉಗುರು ತಿಕ್ಕಿದೆ. ಆ ಡಬ್ಬಿಯ ನೆನಪು ಹೋಗಿರಲಿಲ್ಲ.

ಕಟ್ಟೆ ಸಿಕ್ಕ ಹೆಂಗಸರನ್ನು ಒಂದೇ ಬಣ್ಣದ ಸೀರೆ ಉಡಿಸಿ ಮುಂದೆ ಕೂರಿಸಿದ್ದರು. ನಾನು ಕೊನೆಯ ಸಾಲಿನಲ್ಲಿ, ಕಂಬದ ಪಕ್ಕದ ಕುರ್ಚಿಯಲ್ಲಿ ಕೂತೆ. ಹಾರ, ಶಾಲು, ಭಾಷಣ. ಶೂನ್ಯದಿಂದ ಮೇಲೆ ಬಂದ ಉದ್ಯಮಿ ಎಂದರು. ನಗರದ ಪ್ರಥಮ ಪ್ರಜೆ ಎಂದರು. ತಾಯಂದಿರಿಗೆ ಬಿಳಿ ಕಟ್ಟೆ ಕೊಟ್ಟ ಪುಣ್ಯಾತ್ಮ ಎಂದರು. ಗ್ರಂಥದ ಕೆಂಪು ಕಾಗದ ಬಿಚ್ಚಿ ಎತ್ತಿ ಹಿಡಿದರು. ಮಾಸ್ತರರು ಅದರಿಂದ ಒಂದು ಭಾಗ ಓದಲು ನಿಂತರು.

ಚೆನ್ನಾಗಿಯೇ ಬರೆದಿದ್ದರು. ಸುಡುವ ದಾರಿ, ಒಣಮೀನಿನ ಬುಟ್ಟಿ, ನೆರಳಿನಲ್ಲಿ ನಡೆಯುವ ಮಗು. ಅದನ್ನು ತುಳಸಿಯೇ ಹೇಳಿರಬೇಕು, ನಾನು ಯಾರಿಗೂ ಹೇಳಿದವಳಲ್ಲ. ಅವನು ಮರೆತಿರಲಿಲ್ಲ. ನಾನು ಕುರ್ಚಿಯ ತುದಿಗೆ ಸರಿದೆ. ಆಗ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲು ಓದಿದರು. ಆ ಅನ್ನಪೂರ್ಣೆ ಗಂಗಕ್ಕ ಇಂದು ನಮ್ಮೊಂದಿಗಿಲ್ಲ ಎಂದು ಓದಿದರು. ಓದಿ ಪುಸ್ತಕ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೋಗಿ ಕೂತರು.

ತುಳಸಿದಾಸ ಎದ್ದು ಮೈಕಿನ ಹತ್ತಿರ ಬಂದ. ಅವನ ಕಣ್ಣಲ್ಲಿ ನೀರಿತ್ತು. ಆ ಅಳು ಸುಳ್ಳಲ್ಲ. ಅವನ ಅಳು ನನಗೆ ಗೊತ್ತು, ಕೆಳತುಟಿ ಒಳಗೆ ಎಳೆದುಕೊಂಡು ಅಳುತ್ತಾನೆ, ಎಂಟು ವರ್ಷದಲ್ಲೂ ಹಾಗೇ ಅಳುತ್ತಿದ್ದ. ನನ್ನನ್ನು ಕೊಂದದ್ದು ಅದೇ. ಕಳ್ಳನಾಗಿದ್ದರೆ ಕ್ಯಾಕರಿಸಿ ಉಗಿದು ಮನೆಗೆ ಹೋಗುತ್ತಿದ್ದೆ. ಅವನು ನಿಜವಾಗಿ ಗಂಗಿಗಾಗಿ ಅತ್ತ. ದುರ್ಗಾಳ ಮೀನನ್ನು ಕಸದ ಗಾಡಿಗೆ ಹಾಕಿಸಿ, ಗಂಗಿಗಾಗಿ ಅತ್ತ.

"ನನ್ನ ಗಂಗಕ್ಕನ ಆತ್ಮಕ್ಕೆ ಶಾಂತಿ ಸಿಗಲಿ," ಎಂದ. "ಎಲ್ಲರೂ ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸೋಣ."

ಕುರ್ಚಿಗಳು ಸದ್ದು ಮಾಡಿದವು. ಇಡೀ ರಂಗಮಂದಿರ ಎದ್ದು ನಿಂತಿತು. ಮುಂದಿನ ಸಾಲಿನ ನಮ್ಮ ಹೆಂಗಸರೂ ನಿಂತರು. ಅವರು ನನ್ನನ್ನು ದುರ್ಗಾ ಎಂದೇ ಬಲ್ಲವರು. ತಮ್ಮ ಪಕ್ಕದಲ್ಲಿ ನಲವತ್ತು ವರ್ಷ ಕೂತವಳಿಗಾಗಿ ನಿಂತಿದ್ದೇವೆ ಎಂದು ಅವರಿಗೆ ತಿಳಿದಿರಲಿಲ್ಲ.

ನಾನು ಏಳಲಿಲ್ಲ. ಬಾಗಿಲಲ್ಲಿದ್ದ ಹೆಣ್ಣು ಪೊಲೀಸು ಹತ್ತಿರ ಬಂದು ಭುಜ ಮುಟ್ಟಿದಳು. ಚಿಕ್ಕ ವಯಸ್ಸು, ಮಗಳ ಹಾಗೆ ಮೆಲ್ಲಗೆ ಹೇಳಿದಳು.

"ಏಳಿ ಅಜ್ಜಿ, ಸತ್ತೋರಿಗೆ ಮರ್ಯಾದಿ ಕೊಡೂದು."

"ಸತ್ತೋರು ಎದ್ದು ನಿಲ್ಲೂದು ಹ್ಯಾಂಗೆ?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮುದುಕಿಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು, ಕೈ ತೆಗೆದಳು. ಆ ಒಂದು ನಿಮಿಷ ಬಹಳ ಉದ್ದವಾಗಿತ್ತು. ಯಾರದೋ ಫೋನು ಬಡಿದುಕೊಂಡು ನಿಂತಿತು. ನನ್ನ ಎದುರಿಗೆ ಬೆನ್ನುಗಳೇ ಬೆನ್ನುಗಳು. ನಾನು ಮಡಿಲಲ್ಲಿ ಕೈಯಿಟ್ಟುಕೊಂಡು ನನಗಾಗಿ ನಡೆಯುತ್ತಿದ್ದ ಮೌನವನ್ನು ಕೇಳುತ್ತಾ ಕೂತೆ. ಗಂಡ ಸತ್ತಾಗ ಬಾರದ ಅಳು ಬಂತು.

ಓಂ ಶಾಂತಿ ಎಂದರು. ಎಲ್ಲರೂ ಕೂತರು.

ಆಗ ನಾನು ಎದ್ದೆ. ಮಂಡಿ ನೋಯುತ್ತಿತ್ತು, ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದೆ. ಅಷ್ಟು ದೊಡ್ಡ ರಂಗಮಂದಿರದಲ್ಲಿ ಸಭಿಕರ ನಡುವೆ ನಿಂತಿದ್ದವಳು ನಾನೊಬ್ಬಳೇ. ನಾನು ಕೂಗಲಿಲ್ಲ, ಕೈ ಎತ್ತಲಿಲ್ಲ. ಸುಮ್ಮನೆ ನಿಂತೆ, ಅವನಿಗೆ ಕಾಣಲಿ ಎಂದು. ಅವನು ಕಣ್ಣು ಒರೆಸಿಕೊಂಡು ಕಾಗದದಿಂದ ತಲೆ ಎತ್ತಿದ. ನನ್ನನ್ನು ಕಂಡ. ಕಂಡದ್ದು ನನಗೆ ಗೊತ್ತು. ಅವನ ತುಟಿ ಸ್ವಲ್ಪ ತೆರೆಯಿತು. ಇಷ್ಟೆಲ್ಲ ಆದ ಮೇಲೂ, ದೇವರಾಣೆ, ಈಗ ಕರೆಯುತ್ತಾನೆ ಎಂದೇ ನಾನು ಕಾದೆ. ಕರೆದರೆ ಹೋಗುತ್ತಿದ್ದೆ.

ಅವನು ತಲೆ ತಗ್ಗಿಸಿ ಕಾಗದದ ಮುಂದಿನ ಸಾಲು ಓದಿದ.